ಎಡಗೆನ್ನೆ

ಮೂರು ಕತ್ತಿ ಇಟ್ಟಿದ್ದ ಮುದ್ದುರಂಗಯ್ಯ
ಮುಚ್ಚಲಿರುವ ಅಂಗಡಿಯ ತಿರುಗುವ ಕುರ್ಚಿಯಲ್ಲಿ,
ಗಿರಾಕಿ ಕೂರುವ ಕಡೆ, ಹಳೇ ಟವೆಲ್ ಹಾಸಿ.
ಹೊರಗೆ ಅರಸೀಕೆರೆಯ ಮಧ್ಯಾಹ್ನ,
ಲಾರಿಗೆ ಕೊಬ್ಬರಿ ಮೂಟೆ ಎತ್ತುವವರ ಕೂಗು.

ಒಂದಕ್ಕೆ ದಂತದಂಥ ಹಿಡಿ, ಅಲಗಿನ ಮೇಲೆ ಬಳ್ಳಿ, ಹಡಗು.
ನನ್ನ ಕೈ ಅದರ ಕಡೆಗೇ ಹೋಯಿತು.
'ಅದು ಗೋಡೆಗೆ ತಗಲುಹಾಕೋದು' ಅಂದ.
ಎರಡನೆಯದರ ಮೂಗು ಚೂಪು.
'ಇದು ಕಲಿತೋರ್ಗೆ. ನೀನು ತಗೊಂಡ್ರೆ
ವಾರದೊಳಗೆ ನಿನ್ನ ಕಿವಿ ಕೇಳುತ್ತೆ.'
ಉಳಿದದ್ದು ಕರೀ ಹಿಡಿ, ದುಂಡು ಮೂಗು,
ಸಾಣೆ ಹಿಡಿದೂ ಹಿಡಿದೂ
ಮಾವಿನೆಲೆ ಕರಿಬೇವಾದ ಹಾಗೆ ಸವೆದ ಅಲಗು.
'ಮಿಕ್ಕ ಉಕ್ಕೆಲ್ಲಿ?' ಅಂದೆ.
'ಊರಿನ ಕೆನ್ನೆ ಮೇಲೆ.' ನಗಲಿಲ್ಲ ಅವನು.

ಮುನ್ನೂರೈವತ್ತು ಹೇಳಿದ, ಮುನ್ನೂರಕ್ಕೆ ಬಿಟ್ಟ.
ಉಳಿದದ್ದರಲ್ಲಿ ಪಟಿಕ ಕೊಂಡುಕೋ,
ಬೇಕಾಗುತ್ತೆ.

'ಬ್ಲೇಡಿಗೇನು ರೋಗ ಬಂದಿತ್ತು?'
ಕೇಳಿದಳು ಗಂಗಾಂಬಿಕೆ, ಬಟಾಣಿ ಸುಲಿಯುತ್ತ.
ನನಗೂ ಗೊತ್ತಿರಲಿಲ್ಲ. ಈಗಲೂ ಅಷ್ಟೆ.

ಮೊದಲ ವಾರ ಮುಖಕ್ಕೆ ಮುಟ್ಟಿಸಕೂಡದು.
ತೊಗಲ ಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿ
ಹೋಗುವಾಗ ಬೆನ್ನು ಮುಂದೆ, ಬರುವಾಗಲೂ ಬೆನ್ನೇ ಮುಂದೆ,
ಹೊರಳುವುದು ಬೆನ್ನ ಮೇಲೆ.
ನಾನು ಬಾಯ ಮೇಲೆ ಹೊರಳಿಸಿದೆ.
ಪಟ್ಟಿಯಲ್ಲಿ ಇವತ್ತಿಗೂ ಹನ್ನೊಂದು ಗಾಯ.

ಆಮೇಲೆ ಬಲೂನು. ಸೋಪು ಹಚ್ಚಿ,
ಮೊಣಕಾಲ ನಡುವೆ ಒತ್ತಿ ಹಿಡಿದು.
ನಾಲ್ಕನೆಯದು ಒಡೆದಾಗ ನೊರೆ ಕ್ಯಾಲೆಂಡರಿನ ಮೇಲೆ,
ಮಗಳ ಹುಬ್ಬಿನ ಮೇಲೆ.
'ಇನ್ನೊಂದು ಅಪ್ಪ, ಇನ್ನೊಂದು ಒಡಿ!'

ನನ್ನದು ಪಾಯಿಂಟ್ಸ್‌ಮನ್ ಕೆಲಸ.
ಹದಿನಾರು ವರ್ಷ ಲಿವರ್ ಎಳೆದ ತೋಳು.
ಎದೆ, ಸೊಂಟ, ಹಿಮ್ಮಡಿ ಎಲ್ಲ ಸೇರಿ ಎಳೆದರೇ
ಹಳಿ ಮಾತು ಕೇಳುವುದು.
ಇಲ್ಲಿ ಮುದುಕ ಬೆನ್ನ ಹಿಂದೆ ನಿಂತು ಮಣಿಕಟ್ಟಿಗೆ ತಟ್ಟುತ್ತಾನೆ:
'ಒತ್ತಬೇಡ. ಅದರ ಭಾರ ಅದಕ್ಕೆ ಸಾಕು.
ನೀನು ಬರೀ ದಾರಿ ತೋರಿಸು.'

ಬಲಗೆನ್ನೆ ಹೇಗೋ ಆಯಿತು.
ಬಿಸಿನೀರು, ಎಳೆದು ಹಿಡಿದ ಚರ್ಮ, ಓರೆಯಾಗಿ ಅಲಗು,
ಒಣಕೊಬ್ಬರಿ ತುರಿದ ಹಾಗೆ ಸಣ್ಣ ಸದ್ದು,
ಅಷ್ಟು ಹತ್ತಿರ, ತಲೆಯೊಳಗೇ ಯಾರೋ ತುರಿಯುತ್ತಿದ್ದಾರೆ.
ಎಡಕ್ಕೆ ಬಂದೆ. ಬಲಗೈ ಮೂಗಿಗೆ ಅಡ್ಡ ಬಂತು,
ಮೊಣಕೈ ಕನ್ನಡಿ ಮುಚ್ಚಿತು.
'ಕೈ ಬದಲಾಯಿಸು' ಅಂದ.

ಎಡಗೈ!
ಊಟಕ್ಕಿಲ್ಲ, ದಾನಕ್ಕಿಲ್ಲ, ತೀರ್ಥಕ್ಕಿಲ್ಲ.
ಬಲಗೈ ಹೆಚ್ಚುವಾಗ ಕಾಯಿ ಹಿಡಿದುಕೊಂಡದ್ದು,
ಬರೆಯುವಾಗ ಕಾಗದ ಒತ್ತಿಕೊಂಡದ್ದು,
ನನ್ನ ಜೊತೆಗೇ ಹುಟ್ಟಿ ಹೆಸರು ಬರೆಯಲೂ ಬಾರದ್ದು.
ಅದರ ಕೈಗೆ ಕೊಟ್ಟೆ ಕತ್ತಿಯನ್ನೂ, ಕತ್ತನ್ನೂ.

ಗದ್ದದ ಗುಳಿಯಲ್ಲಿ ಒಂದು ಗೆರೆ ರಕ್ತ.
ಪಟಿಕ ಉರಿಯಿತು. ಮುದುಕ ಬೆರಳಾಡಿಸಿ
'ದವಡೆ ಕೆಳಗೆ ಪೈರು ಬಿಟ್ಟಿದೀಯ' ಅಂದ.
ಆ ದಿನ ಹಾಗೇ ಡ್ಯೂಟಿಗೆ ಹೋದೆ.
ಗೂಡ್ಸ್ ಡ್ರೈವರ್ ಇಂಜಿನ್ನಿನಿಂದ ಬಗ್ಗಿ
ತನ್ನ ದವಡೆ ಮುಟ್ಟಿ ತೋರಿಸಿ ಹಲ್ಲು ಕಿರಿದ.

ಈಗ ಐದು ತಿಂಗಳು. ಅಂಗಡಿಯಿದ್ದ ಕಡೆ ಮೊಬೈಲ್ ರಿಪೇರಿ.
ಹೆಂಡತಿಯ ಪ್ರಶ್ನೆ ಇನ್ನೂ ಅಲ್ಲೇ ಇದೆ.
ಎಡಗೈ ಬಲಗೈಗಿಂತ ನಿಧಾನ, ನಿಧಾನಕ್ಕೇ ಇರಬೇಕು,
ಗಾಯ ಮಾಡುವುದು ಮಾತ್ರ ಈಚೆಗೆ ಬಲಗೈಯೇ.

ಕ್ವಾರ್ಟರ್ಸಿಗೂ ಹಳಿಗೂ ನಡುವೆ ಒಂದು ನುಗ್ಗೆಮರ.
ಗಂಟಲ ಉಬ್ಬಿನ ಮೇಲೆ ಅಲಗಿಡುವ ಹೊತ್ತಿಗೆ
ಮೊದಲು ಲೋಟದ ನೀರಿಗೆ ಗೊತ್ತಾಗುತ್ತದೆ,
ಆಮೇಲೆ ಮೊಳೆಗೆ, ಕನ್ನಡಿಗೆ, ಕನ್ನಡಿಯ ನನಗೆ.
ಕತ್ತಿಯನ್ನು ಮೈಯಿಂದ ದೂರ ಹಿಡಿದು ನಿಲ್ಲುತ್ತೇನೆ.
ಒಂದೊಂದೇ ಎಣಿಸುತ್ತೇನೆ. ಐವತ್ತೆಂಟು ವ್ಯಾಗನ್.
ಅಷ್ಟರಲ್ಲಿ ನೊರೆ ಒಣಗಿರುತ್ತದೆ.
ಮತ್ತೆ ಬ್ರಷ್ ಅದ್ದುತ್ತೇನೆ.