ಮುಯ್ಯಾಳು

ಸಾಗರದ ನಮ್ಮ ಕಾಲೇಜಿನಲ್ಲಿ
ರಸಾಯನಶಾಸ್ತ್ರದವರು ತಕ್ಕಡಿ ಇಡುತ್ತಿದ್ದ ಹಳೇ ಕೋಣೆ.
ಈಗ ಅಲ್ಲಿ ನಲವತ್ತೆಂಟು ಯಂತ್ರ, ಒಂದೂ ಹೊಸದಲ್ಲ.
ಮೂರಕ್ಕೆ ಒಳಗಿನ ಫ್ಯಾನು ಕೆಟ್ಟಿದೆ;
ಮನೆಯ ಟೇಬಲ್ ಫ್ಯಾನು ತಂದು ಇಟ್ಟಿದ್ದೇನೆ
ಜ್ವರದವರಿಗೆ ಗಾಳಿ ಹಾಕುವ ಹಾಗೆ.

ಬಾಗಿಲ ಮೇಲೆ ನಾನೇ ಬರೆಸಿದ ಬೋರ್ಡು:
ಕಣ ಭೌತವಿಜ್ಞಾನ, ಗಣಕ ಕೋಣೆ.
ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿ ಗುತ್ಯಪ್ಪ ಕೇಳಿದ,
ಜನರೇಟರಿನ ಗುತ್ಯಪ್ಪ, ಕೈತುಂಬ ಡೀಸೆಲ್ ವಾಸನೆ:
"ಕಣ ಅಂದ್ರೆ ಎಂತದು ಮೇಡಂ, ಭತ್ತ ಬಡಿಯೋ ಕಣನಾ?"

ನಕ್ಕೆ. ನಗು ಅರ್ಧಕ್ಕೇ ನಿಂತಿತು.
ಅಲ್ಲೂ ಬಡಿಯುವುದೇ ತಾನೆ.
ಜಿನೀವಾದ ಹತ್ತಿರ, ನೆಲದಡಿಯ ಸುತ್ತುಸುರಂಗದಲ್ಲಿ
ಪ್ರೋಟಾನಿಗೆ ಪ್ರೋಟಾನು ಎದುರುಬದುರು,
ಸೆಕೆಂಡಿಗೆ ಕೋಟಿಗಟ್ಟಲೆ ಪೆಟ್ಟು.
ಮುಕ್ಕಾಲುಮೂರುವೀಸ ಜೊಳ್ಳು, ಅಲ್ಲೇ ತೂರಿಬಿಡುತ್ತಾರೆ.
ಉಳಿದ ರಾಶಿಯೂ ಒಂದು ಮನೆಯ ಆಳುಗಳು ಕೇರಿ ಮುಗಿಸುವಂಥದ್ದಲ್ಲ.
ಅದಕ್ಕೇ ಮೊರ ಮೊರ ಹಂಚುತ್ತಾರೆ,
ತೈಪೆಗೆ, ಕ್ರಾಕೋವಿಗೆ, ಕೋಲ್ಕತ್ತಕ್ಕೆ,
ಒಂದು ಮೊರ ಇಲ್ಲಿಗೆ.

"ಹಂಗಾರೆ ಮುಯ್ಯಾಳು ಅನ್ನಿ."

ಹೌದು ಅಂದೆ.
ಎಂ.ಎಸ್ಸಿ.ಯಲ್ಲಿ ಇಷ್ಟನ್ನೇ ನನಗೆ ಗ್ರಿಡ್ ಎಂದು ತಿಳಿಸಲು
ಎಪ್ಪತ್ತು ಸ್ಲೈಡು ಬೇಕಾಗಿತ್ತು.

ಅವನಿಗದು ಅವ್ವನ ಬಾಯಿಂದ ಗೊತ್ತು. ಕರೂರು ಸೀಮೆ.
ಇವತ್ತು ಇವರ ಗದ್ದೆ, ನಾಳೆ ಅವರದು,
ಹದಿನಾರು ಮನೆಯ ಹೆಂಗಸರು ಬಗ್ಗಿ ಸಾಲು ಹಿಡಿದರೆ
ಹೊತ್ತು ಮುಳುಗುವುದರೊಳಗೆ ನೆಟ್ಟಿ ಮುಗಿಯುತ್ತಿತ್ತಂತೆ.
ಯಾರಿಗೆ ಯಾರು ಎಷ್ಟು ಆಳು ಬಾಕಿ ಎಂದು
ಗೋಡೆಗೆ ಕೆಮ್ಮಣ್ಣಿನ ಗೀಟು.
ಆ ಗೀಟು, ಆ ಗೋಡೆ, ಆ ಗದ್ದೆ ಎಲ್ಲದರ ಮೇಲೆ ಈಗ
ಲಿಂಗನಮಕ್ಕಿಯ ನೀರು. ತೀರದ ಬಾಕಿ ಸಮೇತ.
ಅದೇ ನೀರು ಕರೆಂಟಾಗಿ ಎಲ್ಲೆಲ್ಲೋ ಹೋಗಿ
ಸುತ್ತಿಬಳಸಿ ಈ ಕೋಣೆಗೆ ಬರುತ್ತದೆ,
ಬಂದರೆ.

ಆಷಾಢದ ಒಂದು ರಾತ್ರಿ ಬರಲಿಲ್ಲ.
ಬ್ಯಾಟರಿ ಹನ್ನೊಂದು ನಿಮಿಷ ಕೂಗಿ ಸುಮ್ಮನಾಯಿತು.
ಜನರೇಟರಿನ ಪೈಪಿನಲ್ಲಿ ಗಾಳಿ ಕಟ್ಟಿತ್ತು;
ಗುತ್ಯಪ್ಪ ಬಾಯಲ್ಲೇ ಡೀಸೆಲ್ ಎಳೆದು, ಉಗಿದು,
ಯಂತ್ರದ ಅಪ್ಪ ಅಮ್ಮನನ್ನೆಲ್ಲ ಬೈದು ಸುಸ್ತಾದ.
ಒಂಬತ್ತು ಗಂಟೆ ಕೇರಿದ್ದು ಚೆಲ್ಲಿಹೋಯಿತು.

ಬೆಳಗ್ಗೆ ಪರದೆ ಹತ್ತಿದಾಗ ನೋಡಿದರೆ
ನಮ್ಮ ಪಾಲನ್ನು ಕ್ರಾಕೋವಿನ ಯಾವುದೋ ಯಂತ್ರ
ಮೊದಲಿನಿಂದ ಶುರುಮಾಡಿತ್ತು.
ಯಾರೂ ಫೋನು ಮಾಡಲಿಲ್ಲ. ಯಾಕೆ ಎನ್ನಲಿಲ್ಲ.
ನಾವಿಲ್ಲದೆಯೂ ನಡೆಯುತ್ತದೆ ಎಂಬುದು
ಎರಡು ದಿನ ನನ್ನ ಗಂಟಲಲ್ಲಿ ಕೂತಿತ್ತು, ಮೀನಿನ ಮುಳ್ಳು.
ಗುತ್ಯಪ್ಪನ ಚಿಂತೆಯೇ ಬೇರೆ:
"ಅವರ ಒಂದಾಳು ನಮ್ ಮೇಲೆ ಬಿತ್ತಲ್ಲ ಮೇಡಂ."

ಮಹಾನವಮಿ ರಜೆ, ಕಾಲೇಜು ಖಾಲಿ.
ಎಲ್ಲೋ ಮೂರು ಸಲ ಕೆಟ್ಟ ತುಂಡೊಂದು
ನಾಲ್ಕನೇ ಸಲಕ್ಕೆ ನಮ್ಮ ಹದಿನೇಳನೇ ಯಂತ್ರಕ್ಕೆ ಬಂತು.
ಎಲ್ಲಿಯದೆಂದು ಪಟ್ಟಿಯಲ್ಲಿ ಇರುತ್ತದೆ. ನಾನು ತೆಗೆದು ನೋಡಲಿಲ್ಲ.
ಕ್ರಾಕೋವಿನದು ಎಂದೇ ಅವನಿಗೆ ಹೇಳಿದೆ.

ಅವನು ಅವತ್ತು ಮನೆಗೆ ಹೋಗಲಿಲ್ಲ.
ಜನರೇಟರಿನ ಪಕ್ಕ ಗೋಣಿ ಹಾಸಿ, ಬೀಡಿಯನ್ನು ಹಚ್ಚದೆ
ಕಿವಿಗೆ ಸಿಕ್ಕಿಸಿಕೊಂಡು ಕೂತ.
ಎರಡು ಹತ್ತಕ್ಕೆ ಲೈನು ಹೋಯಿತು.
ಬ್ಯಾಟರಿ ಎರಡನೇ ಸಲ ಕೂಗುವುದರೊಳಗೆ
ಹಿಂದಿನ ಶೆಡ್ಡು ಗುಡುಗಿತು.

ಆರೂವರೆಗೆ ಕೆಲಸ ಮುಗಿಯಿತು. ಹೊಸ ಕಣ ಸಿಗಲಿಲ್ಲ.
ಗೊತ್ತಿದ್ದ ಗೆರೆಯ ಮೇಲೆ ಇನ್ನೊಂದು ಚುಕ್ಕಿ, ಅಷ್ಟೆ.
ಮುಂದಿನ ವರ್ಷ ಪ್ರಬಂಧ ಬಂದಾಗ ಮೂರು ಸಾವಿರ ಹೆಸರು;
ಕೊನೆಯ ಪುಟದವರೆಗೂ ಬೆರಳಿಟ್ಟು ಹೋದೆ.
ಇರುವುದಿಲ್ಲ ಎಂದು ಗೊತ್ತಿದ್ದೇ ಹೋದೆ.

ಲೆಕ್ಕಪರಿಶೋಧನೆಗೆಂದು ಮೊನ್ನೆ ಜನರೇಟರಿನ ಪುಸ್ತಕ ತೆಗೆದರೆ
ಅವನ ದಪ್ಪ ಅಕ್ಷರ, ಎಣ್ಣೆಯ ಹೆಬ್ಬೆಟ್ಟು:
ರಾತ್ರಿ ೨-೧೦ರಿಂದ ೩-೪೦. ಡೀಸೆಲ್ ಆರು ಲೀಟರ್.
ಷರಾ: ಮುಯ್ಯಿ ತೀರಿತು.