ನೂರಕ್ಕೆ ಒಂದೂವರೆ

ಏಪ್ರಿಲ್ ಮೂವತ್ತು. ರಿಯಾಯಿತಿಗೆ ಕೊನೇ ದಿನ.
ಕುಂಬಾರಪೇಟೆಯ ಕಂದಾಯ ಕಚೇರಿಯಲ್ಲಿ
ಮೂರನೇ ಕಿಟಕಿ ನನ್ನದು. ಪ್ರಿಂಟರಿಗೆ ಬೆಳಗಿನಿಂದ ಬಿಕ್ಕಳಿಕೆ.
ಸಾಲು ಮೆಟ್ಟಿಲಿಳಿದು, ಬೆಣ್ಣೆ ಅಂಗಡಿ ದಾಟಿ,
ಬಳೆ ಗಾಡಿಯ ಹತ್ತಿರ ಬಾಲ ಮಡಚಿ ನಿಂತಿದೆ.

ರಸೀದಿಯ ಹೊಟ್ಟೆಯಲ್ಲಿ ಮೊದಲೂ ಇದ್ದವು ಚಿಲ್ಲರೆ ಕರಗಳು:
ಗ್ರಂಥಾಲಯಕ್ಕಿಷ್ಟು, ಆರೋಗ್ಯಕ್ಕಿಷ್ಟು, ಭಿಕ್ಷುಕರಿಗಿಷ್ಟು.
ಯಾರೂ ಓದುತ್ತಿರಲಿಲ್ಲ, ಮೊತ್ತ ನೋಡಿ ಮಡಚುತ್ತಿದ್ದರು.
ಈ ವರ್ಷ ಅವುಗಳ ಕೆಳಗೊಂದು ಸಾಲು ಹುಟ್ಟಿದೆ,
ನೆಲೆ-ನೆನಪು ಮೇಲ್ತೆರಿಗೆ, ನೂರಕ್ಕೆ ಒಂದೂವರೆ.
(ಹೆಸರಿಟ್ಟ ಅಧಿಕಾರಿಗೆ ಪ್ರಾಸದ ಚಟವಿರಬೇಕು.)
ಅರ್ಧ, ಪೇಟೆಯ ಹಳೆಯದನ್ನು ಉಳಿಸಲಿಕ್ಕೆ.
ಅರ್ಧ, ಸೂರಿಲ್ಲದವರಿಗೆ ಇಪ್ಪತ್ತೆಂಟು ಮನೆ.

"ಯಾರ ನೆಲೆ, ಯಾರ ನೆನಪು?" ಜರಿ ಅಂಗಡಿಯ ಶ್ರೀಪಾಲಯ್ಯ
ನೂರ ಎಂಬತ್ತಾರು ರೂಪಾಯಿಯನ್ನು ಬೆಳಕಿಗೆ ಹಿಡಿದರು.
"ಗರಡಿಮನೆ ರಿಪೇರಿಗಾದರೆ ಕೊಡ್ತೀನಮ್ಮ. ನಮ್ಮ ತಾತ
ಆ ಕೆಮ್ಮಣ್ಣು ಬೆನ್ನಿಗಂಟಿಸಿಕೊಂಡೇ ಗಲ್ಲಾದಲ್ಲಿ ಕೂರೋರು.
ನೆನಪಿನ ಅರ್ಧ ಹಾಕು, ನೆಲೆಯ ಅರ್ಧ ತೆಗಿ."
"ಕಂಪ್ಯೂಟರ್ ಸೀಳೋದಿಲ್ಲ ಸಾರ್."
ಅವರು ಕಂಪ್ಯೂಟರನ್ನು, ಆಮೇಲೆ ನನ್ನನ್ನು
ಹುಳ ಬಿದ್ದ ಹುಣಸೆಹಣ್ಣು ನೋಡಿದಂತೆ ನೋಡಿದರು.
ಕೊಟ್ಟರು.

ಡಿಸೆಂಬರಿನ ಸಭೆಯಲ್ಲೂ ಇದೇ ಜಗಳ.
ಗರಡಿಯೋ ಮನೆಯೋ, ಯಾವುದಕ್ಕೆ ಮೊದಲ ಕಂತು?
ನಡಾವಳಿ ಬರೆಯುತ್ತಿದ್ದವಳು ನಾನು. ಮೈಕು ಕೀರಲಿತು.
ಹಿಂದಿನ ಬೆಂಚಿನಿಂದ ಓಬಳಮ್ಮ ಎದ್ದಳು,
ಮಿಂಚುಪಟ್ಟಿಯ ಕೋಟು ಬಿಚ್ಚದೆ, ಪೊರಕೆ ಗೋಡೆಗೊರಗಿಸಿ:
"ಲಗ್ಗೆರೆ ಆಚೆಯಿಂದ ನಾಲ್ಕಕ್ಕೇ ಹೊರಡ್ತೀನಿ.
ನಿಮ್ ಬೀದೀಲಿ ಕಲ್ಲು ಕಲ್ಲೂ ಗೊತ್ತು,
ನನ್ ಬೀದಿ ಬೆಳಕಲ್ಲಿ ನೋಡೋದು ಭಾನುವಾರ.
ಆದ್ರೂ ಗರಡಿ ಬೀಳಿಸ್ಬೇಡಿ. ಹೆಂಗಸ್ರು ಒಳಕ್ಕೆ ಹೋಗಂಗಿಲ್ಲ, ನಿಜ.
ಬಾಗಿಲ ಪಕ್ಕದ ಗೂಡು ಉಸ್ತಾದ್ರು ಬಿಟ್ಕೊಟ್ಟವ್ರೆ,
ನನ್ ಬದಲಿ ಸೀರೆ, ತಟ್ಟೆ, ಒಂದು ಬಾಚಣಿಗೆ.
ಹತ್ತೊಂಬತ್ತು ವರ್ಷದಿಂದ ಈ ಪೇಟೇಲಿ
ನನಗಂತ ಇರೋ ಜಾಗ ಅಷ್ಟೇಯ."
ನಾನು ಬರೆದೆ:
'ಸದಸ್ಯರಲ್ಲದವರೊಬ್ಬರು ಮಾತನಾಡಿದರು.'

ಊಟದ ಹೊತ್ತು ಮೀರಿದ ಮೇಲೆ ಕಿಟಕಿಗೆ ಬಂದವರು
ಚನ್ನವೀರಪ್ಪನವರು, ನನ್ನ ಮನೆ ಮಾಲೀಕರು.
ಐದು ಪೋರ್ಷನ್ನು, ಒಂದೇ ಖಾತೆ, ಒಂದೇ ಬಾವಿ.
ಮೇಲ್ತೆರಿಗೆ, ವರ್ಷಕ್ಕೆ ತೊಂಬತ್ತಾರು.
ರಸೀದಿ ಮಡಚುತ್ತ ಪ್ರೀತಿಯಿಂದಲೇ ಅಂದರು:
"ಬರೋ ತಿಂಗಳಿಂದ ಬಾಡಿಗೆ ಇನ್ನೂರು ಸೇರಿಸಿ ಕೊಡಮ್ಮ.
ಹೊಸ ಟ್ಯಾಕ್ಸು ಬಂತಲ್ಲ, ನಿನಗೇ ಗೊತ್ತು."
ಗೊತ್ತು. ಐದು ಪೋರ್ಷನ್ನು, ಹನ್ನೆರಡು ತಿಂಗಳು.
ಬೆರಳು ತಾನೇ ತಾನಾಗಿ ಲೆಕ್ಕ ಹಾಕಿತು, ನಾಲಿಗೆ ಸುಮ್ಮನಿತ್ತು.
ಬಡವರ ಮನೆ ಕಟ್ಟಲು ಬಂದ ತೆರಿಗೆ
ದಾರಿಯಲ್ಲಿ ನನ್ನ ಮನೆಗೂ ಹೊಕ್ಕು
ಡಬ್ಬಿ ತಡಕಿ ಹೋಗುತ್ತದೆ ಅಂತ
ಯಾವ ಸುತ್ತೋಲೆಯಲ್ಲೂ ಇರಲಿಲ್ಲ.
ಠಸ್ಸೆ ಒತ್ತಿದೆ. ಸ್ವಲ್ಪ ಜೋರಾಗಿಯೇ.

ಇಪ್ಪತ್ತೆಂಟು ಮನೆಗೆ ಇವತ್ತಿನವರೆಗೆ
ಆರುನೂರ ನಲವತ್ತು ಅರ್ಜಿ. ಓಬಳಮ್ಮನದು ಐವತ್ತೆರಡನೆಯದು.
ಕೊನೆಯದನ್ನು ಮಧ್ಯಾಹ್ನ ನಾನೇ ತುಂಬಿದೆ,
'ಹಾಲಿ ಆಸ್ತಿಯ ಸಂಖ್ಯೆ' ಎಂಬಲ್ಲಿ ಗೆರೆ ಎಳೆದು.
ಹದಿನಾಲ್ಕು ವರ್ಷ ಊರಿನವರ ಆಸ್ತಿ ಸಂಖ್ಯೆ
ಕಣ್ಣುಮುಚ್ಚಿ ಟೈಪಿಸಿದ ಕೈ
ಆ ಗೆರೆಯನ್ನು ಸೊಟ್ಟಗೆ ಎಳೆಯಿತು.

ಎಂಟೂವರೆ. ಕಿಟಕಿ ಮುಚ್ಚಿ ಹೊಸ ಸಾಲನ್ನಷ್ಟೇ ಕೂಡಿದೆ:
ಹತ್ತೊಂಬತ್ತು ಸಾವಿರದ ಚಿಲ್ಲರೆ.
ಅರ್ಧದಲ್ಲಿ ಗರಡಿಯ ಒಂದು ತೊಲೆ, ಹಳೇ ಸಾಗುವಾನಿ ಸಿಕ್ಕರೆ.
ಇನ್ನರ್ಧದಲ್ಲಿ ಒಂದು ಬಾಗಿಲು,
ಚೌಕಟ್ಟು, ಚಿಲಕ ಸಮೇತ.
ಗೋಡೆಗೆ ಇನ್ನೂ ಜನ ಬರಬೇಕು.
ನಾಳೆಯಿಂದ ರಿಯಾಯಿತಿ ಇಲ್ಲ.