ನಲವತ್ತು ಕಿಲೋಮೀಟರಿನ ವೃತ್ತ

ಬದಿಯಡ್ಕ ಪೇಟೆ, ಹಲ್ಲಿನ ಡಾಕ್ಟರ ಮೇಲಿನ ಮಾಳಿಗೆ.
ಹತ್ತೊಂಬತ್ತು ಅಂಗಡಿಗಳ ಪೇಜು ನೋಡಿಕೊಳ್ಳುವುದು ನಾನು.
ಬೇಕರಿ, ಕನ್ನಡಕ, ಮದುವೆಯ ಚಪ್ಪಲಿ,
ಒಂದು ಬೋರ್‌ವೆಲ್ ಕಂಪೆನಿ.
ನನ್ನ ಬಾಡಿಗೆ ಅದರಿಂದಲೇ, ಸುಳ್ಳು ಯಾಕೆ.

ಇಪ್ಪತ್ತನೆಯವರಾಗಿ ಬಂದರು ಅಂಬಾಡಿ ಮಣಿಯಾಣಿ,
ಮೊಣಕಾಲಿನ ತನಕ ಕೆಂಪು ಮಣ್ಣು.
ಮೆಟ್ಟಿಲಲ್ಲೇ ನಿಂತು ಕೇಳಿದರು:
'ಸುರಂಗ ತೋಡುವವನಿಗೂ ಆಗ್ತದಾ ಇದು?
ಎರಡು ವರ್ಷ ಆಯ್ತು, ಒಬ್ಬರೂ ಕರೆಯಲಿಲ್ಲ.'

ಆಗ್ತದೆ ಅಂದೆ. ಮ್ಯಾಪು ತೆರೆದು ಮೊಳೆ ಊರಿ
ಸುತ್ತ ವೃತ್ತ ಎಳೆದೆ.
ಗಡಿಯ ಗೆರೆ ಅದಕ್ಕೆ ಲೆಕ್ಕವೇ ಇಲ್ಲ;
ತಲಪಾಡಿ ದಾಟಿತು, ಪುತ್ತೂರು ನುಂಗಿತು,
ಪಡುವಣಕ್ಕೆ ಕುಂಬಳೆಯ ಮರಳನ್ನೂ ಮೀರಿ
ಕಡಲಿಗಿಳಿಯಿತು.
ಮಣಿಯಾಣಿ ಕಣ್ಣು ಕಿರಿದು ಮಾಡಿ ನೋಡಿದರು:
'ಅಲ್ಲ ಮಾರಾಯ್ತಿ, ಕಾಲುಭಾಗ ದುಡ್ಡು ಮೀನಿಗಾ?
ಅವಕ್ಕೆಂತಕ್ಕೆ ಸುರಂಗ?'

ಭಾಷೆ ಆರಿಸು ಎಂದಿತು ಪರದೆ.
ಕನ್ನಡ ಒತ್ತಿದೆ, ಮಲಯಾಳ ಒತ್ತಿದೆ.
ಜನ ಅವರನ್ನು ಗುಡ್ಡದಿಂದ ಗುಡ್ಡಕ್ಕೆ ಕೂಗಿ ಕರೆಯುತ್ತಿದ್ದ ತುಳು
ಪಟ್ಟಿಯಲ್ಲಿ ಇರಲಿಲ್ಲ.

ವಿಡಿಯೋ ಬೇಕಲ್ಲ. ಅವರ ಮನೆಯ ಹಿಂದಿನ ಗುಡ್ಡೆಗೆ ಹೋದೆ.
ಕೆಲಸವಿಲ್ಲದ ಕೈ ಸುಮ್ಮನಿರಲಾರದೆ
ಸ್ವಂತದ್ದನ್ನೇ ಉದ್ದ ಮಾಡುತ್ತಿದ್ದರು.
ಹತ್ತು ಕೋಲು ಒಳಗೆ ರೇಂಜು ಸತ್ತಿತು,
ಇಪ್ಪತ್ತಕ್ಕೆ ನನ್ನ ಧೈರ್ಯ.
ಅವರ ಪಕ್ಕದಲ್ಲಿ ಒಂದು ಮೇಣದಬತ್ತಿ.
'ಇದು ಸಣ್ಣಗಾದರೆ ಮಾತಿಲ್ಲ, ಹೊರಗೆ.'
ಗ್ರಾಫು ನಂಬಿ ಬದುಕುವವಳು ನಾನು;
ಇಷ್ಟು ನೆಟ್ಟಗೆ ಹೇಳುವ ಗ್ರಾಫು ನೋಡಿರಲಿಲ್ಲ.

ಮೊಬೈಲಿನಲ್ಲಿ ಏನೂ ಮೂಡಲಿಲ್ಲ. ಬರೇ ಕತ್ತಲೆ.
ಪಿಕ್ಕಾಸು ಮುರಕಲ್ಲಿಗೆ ತಾಗುವ ಸದ್ದು,
ಉಸಿರು,
ಆಮೇಲೆ ಎಲ್ಲಿಂದಲೋ
ಒಂದು ಹನಿ.
ಅದನ್ನೇ ಹಾಕಿದೆ. ಬೇರೆ ಇರಲಿಲ್ಲ.

ಮೂರು ಲಕ್ಷ ಜನ!
ಕಿವಿಗಿಟ್ಟು ಮಲಗಿದೆ ಅಂದರು ಒಬ್ಬರು,
ಮಗು ಅಳು ನಿಲ್ಲಿಸಿತು ಅಂದರು ಇನ್ನೊಬ್ಬರು,
ಯಾರೋ ಹನಿಯನ್ನಷ್ಟೇ ಕತ್ತರಿಸಿ, ಜೋಡಿಸಿ
ಹತ್ತು ಗಂಟೆ ಉದ್ದ ಮಾಡಿದರು.
ಸುರಂಗ ಬೇಕು ಅಂದವರಿಲ್ಲ.

ಐದನೆಯ ದಿನ ನನ್ನದೇ ಫೋನಿನಲ್ಲಿ
ಹನಿ ಮುಗಿದ ಕೂಡಲೇ, ಅದರ ಬೆನ್ನಿಗೇ,
ಹಳದಿ ಲಾರಿ, ಎತ್ತಿ ನಿಂತ ಕಬ್ಬಿಣದ ಸೊಂಡಿಲು:
'ಒಂದೇ ದಿನದಲ್ಲಿ ನೀರು. ಕಂತಿನ ಸೌಲಭ್ಯ ಉಂಟು.'
ಮಾತು ನನ್ನದು. ಹಳದಿ ನಾನೇ ಆರಿಸಿದ್ದು.
ನೀರಿನಲ್ಲಿ ಆಸಕ್ತಿ ಇರುವವರಿಗೆ ತೋರಿಸು ಎಂದು
ಹೋದ ತಿಂಗಳು ಗುರುತು ಹಾಕಿದ್ದೂ ನಾನೇ.
ಮಣಿಯಾಣಿ ತೋಡಿದ ದಾರಿಯಲ್ಲೇ
ಲಾರಿ ನುಗ್ಗಿತ್ತು.

'ಎಷ್ಟು ದೂರ ಹೋಯ್ತು?' ಕೇಳಿದರು ಬಂದು.
'ಮೂರು ಲಕ್ಷ.'
'ಕೋಲಾ?'
'ಜನ.'
'ನೀರು ಸಿಕ್ಕಿತಾ?'
ನೀರು ಕಾಣದ ಸುರಂಗಕ್ಕೆ ಪೂರ್ತಿ ಕೂಲಿ
ಕೇಳಿದವರಲ್ಲ ಅವರು ಈವರೆಗೆ.
ನನ್ನ ಬಿಲ್ಲನ್ನು ಕೀಬೋರ್ಡಿನ ಅಡಿಗೆ ಸರಿಸಿದೆ.

ಒಂದೇ ಒಂದು ಕರೆ ಬಂದದ್ದು ಎಣ್ಮಕಜೆಯ ಕಡೆಯಿಂದ.
ಸಂಕಮ್ಮ ಅಂತೆ, ಅಂಗನವಾಡಿಯ ಅಡುಗೆಯವರು.
'ನಮ್ಮಲ್ಲೂ ಹೀಗೇ ಕೇಳ್ತಿತ್ತು, ಇದೇ ಹನಿ.
ಹೋದ ಮಳೆಗೆ ಒಳಗೆಲ್ಲೋ ಜರಿದಿರಬೇಕು,
ಈಗ ಕೇಳುವುದಿಲ್ಲ.
ಹೂಳು ತೆಗೆಯಲಿಕ್ಕೆ ಬರ್ತಾರಾ ಅವರು?'

ಬೆಳಗಿನ ಮೊದಲ ಬಸ್ಸಿಗೆ ಹೋದರು ಮಣಿಯಾಣಿ,
ಪಿಕ್ಕಾಸಿಗೆ ಗೋಣಿ ಸುತ್ತಿ, ಎರಡು ಮೇಣದಬತ್ತಿ ಕೊಂಡು.
ಕಿಟಕಿಯಿಂದ ಕೂಗಿದರು:
'ಉಳಿದದ್ದು ಮೀನಿಗೇ ಇರಲಿ!'

ನಾನು ಮಾಳಿಗೆ ಹತ್ತಿ ಲಾರಿಯ ಜಾಹೀರಾತು ತೆರೆದೆ.
'ನೀರು' ಎಂಬ ಪದ, ಅದರ ಪಕ್ಕ
ಅಳಿಸಲಿಕ್ಕೆ ಸಣ್ಣದೊಂದು ಗುಣಾಕಾರ ಚಿಹ್ನೆ.
ಬೆರಳು ಅದರ ಮೇಲೆಯೇ ಉಂಟು.
ಬೋರ್‌ವೆಲ್‌ನವರ ಹಣ ಬರುವುದು ಐದನೆಯ ತಾರೀಖಿಗೆ.
ಇವತ್ತು ಮೂರು.